ಭಾಷೆ ಬರುವ ತನಕ ಪಾಠ ಕಾಯಬೇಕೆ?

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಓದುವ ಪ್ರತಿ ಹತ್ತು ಮಕ್ಕಳಲ್ಲಿ ಒಬ್ಬರ ಹೆಸರು 'ಇಂಗ್ಲಿಷ್ ಕಲಿಯುವವರು' ಎಂಬ ಪಟ್ಟಿಯಲ್ಲಿದೆ. 2021ರ ಲೆಕ್ಕದಂತೆ ಇಂಥ ಮಕ್ಕಳು ಸುಮಾರು 53 ಲಕ್ಷ. ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಇವರ ಪ್ರಮಾಣ ಐದರಲ್ಲಿ ಒಂದು ಪಾಲಿನ ಆಸುಪಾಸು. ನಾಲ್ವರಲ್ಲಿ ಮೂವರ ಮನೆಮಾತು ಸ್ಪ್ಯಾನಿಷ್. ಉಳಿದವರ ಮನೆಗಳಲ್ಲಿ ಅರಬ್ಬಿ, ಚೀನಿ, ವಿಯೆಟ್ನಾಮಿ, ಪೋರ್ಚುಗೀಸ್ ಮೊದಲಾಗಿ ನೂರಾರು ಭಾಷೆಗಳಿವೆ. ಇವರೆಲ್ಲ ನಿನ್ನೆ ಮೊನ್ನೆ ಗಡಿ ದಾಟಿ ಬಂದವರೆಂಬ ನಂಬಿಕೆ ಅಮೆರಿಕನ್ನರಲ್ಲೂ ಸಾಮಾನ್ಯ, ಆದರೆ ಅದು ನಿಜವಲ್ಲ. ಹೆಚ್ಚಿನವರು, ಅದರಲ್ಲೂ ಕೆಳಗಿನ ತರಗತಿಗಳಲ್ಲಿರುವವರು, ಆ ದೇಶದಲ್ಲೇ ಹುಟ್ಟಿದವರು. ಮನೆಯಲ್ಲಿ ಬೇರೊಂದು ಭಾಷೆ ಕೇಳುತ್ತ ಬೆಳೆದು, ಐದನೆಯ ವಯಸ್ಸಿಗೆ ಶಾಲೆಯ ಬಾಗಿಲಲ್ಲಿ ಇಂಗ್ಲಿಷನ್ನು ಎದುರಿಸುತ್ತಾರೆ.

ಈ ಪಟ್ಟಿಗೆ ಸೇರುವುದು ಒಂದು ನಮೂನೆಯ ಮೂಲಕ. ಮಗುವನ್ನು ಶಾಲೆಗೆ ದಾಖಲು ಮಾಡುವಾಗ ಹೆತ್ತವರು ಮನೆಯ ಭಾಷೆಯ ಬಗ್ಗೆ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಮಗು ಮೊದಲು ಆಡಿದ ಮಾತು ಯಾವುದು, ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಬಳಸುತ್ತೀರಿ ಎಂಬಂಥವು. ಇಂಗ್ಲಿಷ್ ಅಲ್ಲದ ಭಾಷೆಯ ಹೆಸರು ಬಂದರೆ ಮಗುವಿಗೆ ಒಂದು ಪರೀಕ್ಷೆ. ಕೇಳುವುದು, ಮಾತನಾಡುವುದು, ಓದುವುದು, ಬರೆಯುವುದು ಈ ನಾಲ್ಕರಲ್ಲಿ ಸಾಲದು ಎಂದು ಕಂಡರೆ ಹೆಸರು ಪಟ್ಟಿಗೆ ಹೋಗುತ್ತದೆ. ಆಮೇಲೆ ಪ್ರತಿ ವರ್ಷವೂ ಅದೇ ನಾಲ್ಕರ ಪರೀಕ್ಷೆ. ಹೆಚ್ಚಿನ ರಾಜ್ಯಗಳು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡಿರುವ 'ವಿಡಾ' ಒಕ್ಕೂಟದ ಪರೀಕ್ಷೆಯನ್ನು ಬಳಸುತ್ತವೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳದು ಸ್ವಂತ ಪರೀಕ್ಷೆ. ರಾಜ್ಯ ಗೊತ್ತುಮಾಡಿದ ಮಟ್ಟ ಮುಟ್ಟಿದ ಮಗು ಪಟ್ಟಿಯಿಂದ ಹೊರಬರುತ್ತದೆ.

ಪಟ್ಟಿಯಲ್ಲಿರುವವರಿಗೂ ಉಳಿದ ಮಕ್ಕಳಿಗೂ ನಡುವೆ ಕಲಿಕೆಯಲ್ಲಿ ದೊಡ್ಡ ಅಂತರವಿದೆ. ಇಡೀ ದೇಶಕ್ಕೆ ಒಂದೇ ಅಳತೆಗೋಲಾಗಿರುವ 'ನೇಪ್' ಎಂಬ ರಾಷ್ಟ್ರೀಯ ಮಾಪನದಲ್ಲಿ 2019ರಲ್ಲಿ ನಾಲ್ಕನೆಯ ತರಗತಿಯ ಓದಿನ ಸರಾಸರಿ ಹೀಗಿತ್ತು: ಪಟ್ಟಿಯಲ್ಲಿರುವ ಮಕ್ಕಳದು 191, ಇಲ್ಲದವರದು 224. ಎಂಟನೆಯ ತರಗತಿಗೆ ಬರುವ ಹೊತ್ತಿಗೆ ವ್ಯತ್ಯಾಸ ಇನ್ನೂ ಹಿಗ್ಗಿ 40 ಅಂಕ ದಾಟುತ್ತದೆ. ಪ್ರೌಢಶಾಲೆಯನ್ನು ನಾಲ್ಕು ವರ್ಷಕ್ಕೆ ಮುಗಿಸುವವರ ಪ್ರಮಾಣ 2018-19ರಲ್ಲಿ ದೇಶದಲ್ಲಿ ಶೇ. 86 ಇದ್ದಾಗ ಇವರದು ಶೇ. 69.

ಈ ಅಂಕಿಗಳು ಸುಳ್ಳಲ್ಲ, ಆದರೆ ಅವುಗಳನ್ನು ಓದುವಾಗ ಎಚ್ಚರ ಬೇಕು. ಇಂಗ್ಲಿಷ್ ಚೆನ್ನಾಗಿ ಬಂದ ಕೂಡಲೇ ಮಗು ಈ ಪಟ್ಟಿಯಲ್ಲಿ ಇರುವುದಿಲ್ಲ. ಗೆದ್ದವರು ಪ್ರತಿ ವರ್ಷ ಹೊರಗೆ ಹೋಗುತ್ತಾರೆ, ಹೊಸಬರು ಒಳಗೆ ಬರುತ್ತಾರೆ. ಆಸ್ಪತ್ರೆಯ ವಾರ್ಡಿನಲ್ಲಿ ವಾಸಿಯಾದವರನ್ನೆಲ್ಲ ಮನೆಗೆ ಕಳಿಸಿ, ಮಂಚದ ಮೇಲೆ ಉಳಿದವರನ್ನಷ್ಟೇ ನೋಡಿ 'ಇಲ್ಲಿ ಯಾರಿಗೂ ಗುಣವಾಗುತ್ತಿಲ್ಲ' ಎಂದರೆ ಹೇಗೋ, ಈ ಅಳತೆಯೂ ಹಾಗೆಯೇ. ಮೈಕೆಲ್ ಕೀಫರ್ ಮತ್ತು ಕ್ಯಾರೆನ್ ಥಾಂಪ್ಸನ್ ಎಂಬ ಸಂಶೋಧಕರು 2018ರಲ್ಲಿ ಇದೇ ನೇಪ್ ಅಂಕಗಳನ್ನು ಬೇರೆ ರೀತಿಯಲ್ಲಿ ಜೋಡಿಸಿ ನೋಡಿದರು. ಪಟ್ಟಿಯಲ್ಲಿದ್ದಾರೋ ಇಲ್ಲವೋ ಎಂಬುದನ್ನು ಬಿಟ್ಟು, ಮನೆಯಲ್ಲಿ ಬೇರೆ ಭಾಷೆ ಕೇಳುವ ಎಲ್ಲ ಮಕ್ಕಳನ್ನೂ ಒಂದು ಗುಂಪಾಗಿ ತೆಗೆದುಕೊಂಡರು. 2003ರಿಂದ 2015ರವರೆಗೆ ಈ ಗುಂಪು ಬರೀ ಇಂಗ್ಲಿಷ್ ಮನೆಗಳ ಮಕ್ಕಳಿಗಿಂತ ಎರಡು ಮೂರು ಪಟ್ಟು ವೇಗವಾಗಿ ಮುಂದೆ ಬಂದಿತ್ತು. ಪಟ್ಟಿಯ ಅಂಕಗಳಲ್ಲಿ ಆ ಏಳಿಗೆ ಕಾಣುವಂತೆಯೇ ಇರಲಿಲ್ಲ. ಪಟ್ಟಿಯಿಂದ ಹೊರಬಂದ ಮಕ್ಕಳು ಹಲವು ಕಡೆ ಹುಟ್ಟಿನಿಂದ ಇಂಗ್ಲಿಷ್ ಆಡುವವರಿಗೆ ಸಮನಾಗಿ, ಕೆಲವು ಸಲ ಅವರಿಗಿಂತ ಮೇಲಾಗಿ ಓದುತ್ತಾರೆ. ಎರಡು ಭಾಷೆಯ ಮನೆಯಿಂದ ಬರುವುದೇ ಒಂದು ಕೊರತೆ ಎಂಬ ಮಾತಿಗೆ ಹಾಗಾಗಿ ಆಧಾರವಿಲ್ಲ.

ನಿಜವಾದ ತೊಂದರೆ ಇರುವುದು ಹೊರಬರಲಾಗದೆ ಉಳಿದವರಲ್ಲಿ. ಆರು ವರ್ಷ ಕಳೆದರೂ ಪಟ್ಟಿಯಲ್ಲೇ ಇರುವ ಮಕ್ಕಳಿಗೆ ಅಲ್ಲಿ 'ದೀರ್ಘಕಾಲದ ಕಲಿಕೆಯವರು' ಎಂಬ ಹೆಸರೇ ಇದೆ. ಲಾರಿ ಓಲ್ಸನ್ ಅವರು 2010ರಲ್ಲಿ ಕ್ಯಾಲಿಫೋರ್ನಿಯಾದ 40 ಶಾಲಾ ಜಿಲ್ಲೆಗಳನ್ನು, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕಗಳನ್ನು, ನೋಡಿದಾಗ, ಮೇಲಿನ ತರಗತಿಗಳಲ್ಲಿದ್ದ ಪಟ್ಟಿಯ ಮಕ್ಕಳ ಪೈಕಿ ಶೇ. 59 ಮಂದಿ ಈ ಬಗೆಯವರು. ಈ ಹುಡುಗ ಹುಡುಗಿಯರ ಮಾತು ಕೇಳಿದರೆ ಯಾರಿಗೂ ಅನುಮಾನ ಬಾರದು. ಅಮೆರಿಕನ್ ಉಚ್ಚಾರ, ಸಲೀಸಾದ ಹರಟೆ, ಟಿವಿಯ ಹಾಸ್ಯವೆಲ್ಲ ಅರ್ಥವಾಗುತ್ತದೆ. ಇತಿಹಾಸದ ಪುಸ್ತಕದ ಒಂದು ಪುಟ ಓದಿ ನಾಲ್ಕು ಸಾಲು ಬರೆಯಿರಿ ಎಂದಾಗ ಕೈ ನಿಲ್ಲುತ್ತದೆ. ತರಗತಿಯಲ್ಲಿ ಗಲಾಟೆ ಮಾಡದೆ, ಪ್ರಶ್ನೆ ಕೇಳದೆ, ಹಿಂದಿನ ಬೆಂಚಿನಲ್ಲಿ ಕುಳಿತು ವರ್ಷಗಳನ್ನು ದಾಟಿಸಿದವರು ಇವರಲ್ಲಿ ಬಹಳ.

ಇದರ ಕಾರಣವನ್ನು ಕೆನಡಾದ ಜಿಮ್ ಕಮಿನ್ಸ್ 1979ರ ಸುಮಾರಿಗೆ ವಿವರಿಸಿದರು. ಸ್ವೀಡನ್ನಿಗೆ ವಲಸೆ ಹೋದ ಫಿನ್ಲೆಂಡಿನ ಮಕ್ಕಳ ಮೇಲೆ ನಡೆದ ಅಧ್ಯಯನವೂ ಅವರ ಮುಂದಿತ್ತು. ಭಾಷೆಯಲ್ಲಿ ಎರಡು ಪದರಗಳಿವೆ ಎಂಬುದು ಅವರ ವಾದ. ಆಟದ ಬಯಲಿನಲ್ಲಿ, ಊಟದ ಸಾಲಿನಲ್ಲಿ ಆಡುವ ಮಾತು ಒಂದು. ಅಲ್ಲಿ ಮುಖ, ಕೈಸನ್ನೆ, ಎದುರಿಗಿರುವ ವಸ್ತು ಎಲ್ಲವೂ ಅರ್ಥಕ್ಕೆ ನೆರವಾಗುತ್ತವೆ. ಪಾಠದ ಭಾಷೆ ಇನ್ನೊಂದು. ಅಲ್ಲಿ ಕಾಗದದ ಮೇಲಿನ ಪದಗಳ ಹೊರತು ಬೇರೆ ಆಸರೆ ಇಲ್ಲ. ಮೊದಲನೆಯದು ಒಂದೆರಡು ವರ್ಷದಲ್ಲಿ ಬರುತ್ತದೆ. ಎರಡನೆಯದಕ್ಕೆ ಐದರಿಂದ ಏಳು ವರ್ಷ. 2000ದಲ್ಲಿ ಕೆಂಜಿ ಹಕುಟಾ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಮಕ್ಕಳ ದಾಖಲೆ ನೋಡಿ ಪಾಠದ ಭಾಷೆಯ ಬಗ್ಗೆ ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ: ಮಾತಿಗೆ ಮೂರರಿಂದ ಐದು, ಪಾಠದ ಇಂಗ್ಲಿಷಿಗೆ ನಾಲ್ಕರಿಂದ ಏಳು ವರ್ಷ. ಕಮಿನ್ಸ್ ಗೆರೆ ಎಳೆದಷ್ಟು ಸ್ಪಷ್ಟವಾಗಿ ಈ ಎರಡನ್ನೂ ಬೇರ್ಪಡಿಸಲಾಗದು ಎಂದು ವಾದಿಸುವ ಭಾಷಾವಿಜ್ಞಾನಿಗಳಿದ್ದಾರೆ. ಪಾಠದ ಭಾಷೆಗೆ ಹಿಡಿಯುವ ಕಾಲದ ಬಗ್ಗೆ ಮಾತ್ರ ಅಷ್ಟು ತಕರಾರಿಲ್ಲ.

ಗಣಿತಕ್ಕೆ ಭಾಷೆ ಬೇಡ ಎಂಬ ಮಾತು ಈ ಮಕ್ಕಳ ವಿಷಯದಲ್ಲಿ ಸುಳ್ಳಾಗುತ್ತದೆ. ಊಟ ಮಾಡುವ 'ಟೇಬಲ್' ಗಣಿತದಲ್ಲಿ ಕೋಷ್ಟಕವಾಗುತ್ತದೆ. ರೇಡಿಯೊದ 'ವಾಲ್ಯೂಮ್' ಪಾತ್ರೆಯೊಂದರ ಗಾತ್ರವಾಗುತ್ತದೆ. 'ಅಟ್ ಲೀಸ್ಟ್', 'ಫ್ಯೂಯರ್ ದ್ಯಾನ್' ಎಂಬ ಎರಡು ಪದಗಳ ಕಟ್ಟಿನಲ್ಲಿ ಇಡೀ ಲೆಕ್ಕದ ದಿಕ್ಕೇ ಅಡಗಿರುತ್ತದೆ. ಜಮಾಲ್ ಅಬೇದಿ ಎಂಬ ಸಂಶೋಧಕರು ಲೆಕ್ಕವನ್ನು ಹಾಗೇ ಇಟ್ಟು ಅದನ್ನು ಹೇಳುವ ವಾಕ್ಯವನ್ನಷ್ಟೇ ಸರಳಗೊಳಿಸಿದರು. ಪಟ್ಟಿಯ ಮಕ್ಕಳ ಅಂಕ ಏರಿತು. ಅಂದರೆ ಅಂತರದ ಒಂದು ಪಾಲು ಮಗುವಿನ ತಲೆಯಲ್ಲಿಲ್ಲ, ಪ್ರಶ್ನೆಪತ್ರಿಕೆಯಲ್ಲಿದೆ.

ಇಂಗ್ಲಿಷ್ ಬಾರದ ಮಗುವನ್ನು ಸುಮ್ಮನೆ ತರಗತಿಯಲ್ಲಿ ಕೂರಿಸಿ 'ಈಜಿದರೆ ಈಜಲಿ' ಎಂದು ಬಿಡುವುದೇ ಅಮೆರಿಕದಲ್ಲಿ ಬಹುಕಾಲದ ಪದ್ಧತಿಯಾಗಿತ್ತು. ಟೆಕ್ಸಾಸಿನ ಎಷ್ಟೋ ಶಾಲೆಗಳಲ್ಲಿ ಬಯಲಿನಲ್ಲಿ ಸ್ಪ್ಯಾನಿಷ್ ಆಡಿದರೂ ಶಿಕ್ಷೆಯಿತ್ತು. ಅದೇ ಟೆಕ್ಸಾಸಿನ ಕೊಟುಲಾ ಎಂಬ ಸಣ್ಣ ಊರಿನಲ್ಲಿ 1928ರಲ್ಲಿ ಮೆಕ್ಸಿಕನ್ ಕೂಲಿಕಾರರ ಮಕ್ಕಳಿಗೆ ಪಾಠ ಹೇಳಿದ ಯುವ ಮೇಷ್ಟರು ಲಿಂಡನ್ ಜಾನ್ಸನ್. ನಾಲ್ಕು ದಶಕಗಳ ನಂತರ ಅಧ್ಯಕ್ಷರಾಗಿ, 1968ರ ಜನವರಿಯಲ್ಲಿ, ದ್ವಿಭಾಷಾ ಶಿಕ್ಷಣ ಕಾಯಿದೆಗೆ ಸಹಿ ಹಾಕಿದವರೂ ಅವರೇ. ಅದಕ್ಕೂ ಮುಂಚೆ, 1963ರಲ್ಲಿ, ಮಯಾಮಿಯ ಕೋರಲ್ ವೇ ಪ್ರಾಥಮಿಕ ಶಾಲೆ ಕ್ಯೂಬಾದಿಂದ ಬಂದ ನಿರಾಶ್ರಿತರ ಮಕ್ಕಳಿಗೂ ಸ್ಥಳೀಯ ಮಕ್ಕಳಿಗೂ ಎರಡೂ ಭಾಷೆಗಳಲ್ಲಿ ಪಾಠ ಹೇಳತೊಡಗಿತ್ತು. ಕ್ಯಾಸ್ಟ್ರೋ ಬಿದ್ದ ಮೇಲೆ ಊರಿಗೆ ಮರಳುತ್ತೇವೆ ಎಂದು ನಂಬಿದ್ದ ಹೆತ್ತವರಿಗೆ ಮಕ್ಕಳ ಸ್ಪ್ಯಾನಿಷ್ ಉಳಿಯುವುದು ಬೇಕಿತ್ತು.

ಆದರೂ ಕಾನೂನಿನ ಬಲ ಬಂದದ್ದು ಒಂದು ಚೀನಿ ಕುಟುಂಬದ ಮೊಕದ್ದಮೆಯಿಂದ. ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನಿ ಮೂಲದ ಮಕ್ಕಳು 2,800ಕ್ಕೂ ಹೆಚ್ಚಿದ್ದರು. ಅವರಲ್ಲಿ ಸುಮಾರು 1,800 ಮಂದಿಗೆ ಯಾವ ವಿಶೇಷ ನೆರವೂ ಇರಲಿಲ್ಲ. ಕಿನ್ನಿ ಲಾವ್ ಎಂಬ ಹುಡುಗನ ಹೆಸರಿನಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎಲ್ಲರಿಗೂ ಅದೇ ಕಟ್ಟಡ, ಅದೇ ಪುಸ್ತಕ, ಅದೇ ಶಿಕ್ಷಕರನ್ನು ಕೊಟ್ಟಿದ್ದೇವಲ್ಲ ಎಂಬುದು ಶಾಲಾ ಜಿಲ್ಲೆಯ ವಾದ. ಭಾಷೆ ತಿಳಿಯದ ಮಗುವಿಗೆ ಅಂಥ ಸಮಾನತೆ ಸಮಾನತೆಯೇ ಅಲ್ಲ ಎಂದು 1974ರ ಜನವರಿಯಲ್ಲಿ ನ್ಯಾಯಾಲಯ ಒಮ್ಮತದಿಂದ ಹೇಳಿತು. ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು 1981ರ ಕಾಸ್ಟನ್ಯೇದಾ ತೀರ್ಪು. ಟೆಕ್ಸಾಸಿನ ರೇಮಂಡ್‌ವಿಲ್ ಊರಿನ ಒಬ್ಬ ತಂದೆ ಹೂಡಿದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಮೂರು ಪ್ರಶ್ನೆ ಇಟ್ಟಿತು. ಶಾಲೆ ಹಿಡಿದ ದಾರಿಗೆ ಬಲ್ಲವರು ಒಪ್ಪುವ ತಳಹದಿ ಇದೆಯೇ? ಅದಕ್ಕೆ ತಕ್ಕ ಶಿಕ್ಷಕರು, ಹಣ, ಪುಸ್ತಕ ಒದಗಿಸಿದ್ದೀರಾ? ಸ್ವಲ್ಪ ಕಾಲದ ನಂತರ ಫಲ ಬಂತೇ ಎಂದು ನೋಡಿದಿರಾ? ಇಂದಿಗೂ ಅಮೆರಿಕದಲ್ಲಿ ಶಾಲಾ ಜಿಲ್ಲೆಗಳನ್ನು ಅಳೆಯುವುದು ಈ ಮೂರು ಪ್ರಶ್ನೆಗಳಿಂದಲೇ. ಯಾವುದೇ ಶಿಕ್ಷಣ ಯೋಜನೆಗೆ ಕೇಳಬಹುದಾದ ಪ್ರಶ್ನೆಗಳಿವು, ಎಲ್ಲಿ ಬೇಕಾದರೂ. ಮರು ವರ್ಷ, 1982ರಲ್ಲಿ, ಪ್ಲೈಲರ್ ಮೊಕದ್ದಮೆಯ ತೀರ್ಪು ದಾಖಲೆಪತ್ರವಿಲ್ಲದ ವಲಸಿಗರ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆದಿರಬೇಕು ಎಂದಿತು.

ದಾರಿ ಯಾವುದು ಎಂಬ ಜಗಳ ಆಮೇಲಿನದು, ಮತ್ತು ಅದು ಶಾಲೆಗಿಂತ ಹೆಚ್ಚಾಗಿ ರಾಜಕೀಯದಲ್ಲಿ ನಡೆಯಿತು. ಇಂಗ್ಲಿಷನ್ನು ಬೇಗ ಕಲಿಸಬೇಕಾದರೆ ಇಂಗ್ಲಿಷಿನಲ್ಲೇ ಮುಳುಗಿಸಿ, ಮನೆಮಾತಿನ ಪಾಠ ನಿಲ್ಲಿಸಿ ಎಂಬ ವಾದವನ್ನು ಸಾಫ್ಟ್‌ವೇರ್ ಉದ್ಯಮಿ ರಾನ್ ಉನ್ಜ್ ಮತದಾರರ ಮುಂದಿಟ್ಟರು. 1998ರಲ್ಲಿ ಕ್ಯಾಲಿಫೋರ್ನಿಯಾದ ಶೇ. 61 ಮತದಾರರು ಹೌದೆಂದರು. ಸಾಮಾನ್ಯವಾಗಿ ಒಂದು ವರ್ಷ ಮೀರದ ತೀವ್ರ ಇಂಗ್ಲಿಷ್ ತರಗತಿ, ಆಮೇಲೆ ಎಲ್ಲರ ಜೊತೆ ಎಂಬುದು ನಿಯಮವಾಯಿತು. 2000ದಲ್ಲಿ ಅರಿಝೋನಾ, 2002ರಲ್ಲಿ ಮ್ಯಾಸಚೂಸೆಟ್ಸ್ ಅದೇ ಹಾದಿ ಹಿಡಿದವು. ಕ್ಯಾಲಿಫೋರ್ನಿಯಾದಲ್ಲಿ ಐದು ವರ್ಷದ ಫಲವನ್ನು ಅಳೆದ ಅಧಿಕೃತ ವರದಿ 2006ರಲ್ಲಿ ಬಂದಾಗ ಎರಡೂ ಪಕ್ಷಕ್ಕೆ ಸಂಭ್ರಮಿಸುವಂಥದ್ದೇನೂ ಇರಲಿಲ್ಲ: ಅಂತರ ಬಹುಮಟ್ಟಿಗೆ ಇದ್ದಲ್ಲೇ ಇತ್ತು. ಕಮಿನ್ಸ್ ಮತ್ತು ಹಕುಟಾ ಹೇಳಿದ ಕಾಲದ ಲೆಕ್ಕ ನೆನಪಿದ್ದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಏಳು ವರ್ಷದ ಕೆಲಸವನ್ನು ಒಂದು ವರ್ಷಕ್ಕೆ ಮುಗಿಸಿ ಎಂದು ಜನಮತ ತೀರ್ಮಾನಿಸಿದ ಮಾತ್ರಕ್ಕೆ ಮಗುವಿನ ನಾಲಿಗೆ, ನೆನಪು ಬದಲಾಗುವುದಿಲ್ಲ.

ಅರಿಝೋನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪಟ್ಟಿಯ ಮಕ್ಕಳನ್ನು ದಿನಕ್ಕೆ ನಾಲ್ಕು ಗಂಟೆ ಬೇರೆ ಕೂರಿಸಿ ವ್ಯಾಕರಣ, ಶಬ್ದಸಂಪತ್ತು, ಓದು, ಬರಹ ಎಂದು ಇಂಗ್ಲಿಷನ್ನೇ ಕಲಿಸಬೇಕೆಂದಿತು. ಶಾಲೆಯ ದಿನವೇ ಆರು ಗಂಟೆ ಚಿಲ್ಲರೆ. ನಾಲ್ಕು ಗಂಟೆ ಹೋದರೆ ವಿಜ್ಞಾನ, ಸಮಾಜ, ಗಣಿತಕ್ಕೆ ಉಳಿಯುವುದೆಷ್ಟು? ಪ್ರೌಢಶಾಲೆಯ ಹುಡುಗರಿಗೆ ಶಾಲೆ ಮುಗಿಸಲು ಬೇಕಾದ ವಿಷಯಗಳೇ ಸಿಗದೆ ಹೋದವು. ಇಂಗ್ಲಿಷ್ ಚೆನ್ನಾಗಿ ಆಡುವ ಗೆಳೆಯರ ಸಹವಾಸವೂ ತಪ್ಪಿತು, ಭಾಷೆ ಕಲಿಯಲು ಅದಕ್ಕಿಂತ ಒಳ್ಳೆಯ ಮೂಲ ಬೇರೆ ಇಲ್ಲ. ಅರಿಝೋನಾದಲ್ಲಿ ಪಟ್ಟಿಯ ಮಕ್ಕಳು ಪ್ರೌಢಶಾಲೆ ಮುಗಿಸುವ ಪ್ರಮಾಣ ದೇಶದ ಅತಿ ಕೆಳಗಿನ ಸಾಲಿನಲ್ಲಿತ್ತು. 2019ರಲ್ಲಿ ರಾಜ್ಯ ನಾಲ್ಕು ಗಂಟೆಯನ್ನು ಎರಡಕ್ಕೆ ಇಳಿಸಿತು. ಈ ಇಡೀ ಪ್ರಯೋಗದ ತಪ್ಪು ಒಂದೇ ಮಾತಿನಲ್ಲಿದೆ: ಮೊದಲು ಭಾಷೆ ಬರಲಿ, ಆಮೇಲೆ ಪಾಠ. ಭಾಷೆ ಬರುವ ಐದಾರು ವರ್ಷ ಪಾಠ ಕಾಯುತ್ತ ಕೂತರೆ, ಭಾಷೆ ಬಂದ ದಿನ ಮಗು ಐದಾರು ವರ್ಷದ ವಿಜ್ಞಾನದಲ್ಲಿ ಹಿಂದುಳಿದಿರುತ್ತದೆ. ಉಳಿದ ತರಗತಿಯೇನೂ ಅಲ್ಲಿಯವರೆಗೆ ನಿಂತಿರುವುದಿಲ್ಲ.

ಈ ನಡುವೆ ಬೇರೊಂದು ಬಗೆಯ ಶಾಲೆಯ ಬಗ್ಗೆ ಗಟ್ಟಿ ಪುರಾವೆ ಸೇರುತ್ತ ಬಂತು. ದ್ವಿಭಾಷಾ ತರಗತಿಗಳಲ್ಲಿ ಅರ್ಧ ದಿನ ಇಂಗ್ಲಿಷಿನಲ್ಲೂ ಅರ್ಧ ದಿನ ಸ್ಪ್ಯಾನಿಷ್, ಚೀನಿಯಂಥ ಭಾಷೆಯಲ್ಲೂ ಪಾಠ ನಡೆಯುತ್ತದೆ. ಕೆಲವು ಕಡೆ ಮೊದಲ ವರ್ಷಗಳಲ್ಲಿ ಇಂಗ್ಲಿಷಿನ ಪಾಲು ಹತ್ತನೆಯ ಒಂದರಷ್ಟೇ ಇದ್ದು ಕ್ರಮೇಣ ಏರುತ್ತದೆ. ಬೆಂಚುಗಳಲ್ಲಿ ಎರಡೂ ಭಾಷೆಯ ಮನೆಯ ಮಕ್ಕಳು ಬೆರೆತಿರುತ್ತಾರೆ. ಒರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಇಂಥ ತರಗತಿಗಳಿಗೆ ಬೇಡಿಕೆ ಹೆಚ್ಚಾಗಿ ಲಾಟರಿ ಎತ್ತಿ ಸೀಟು ಕೊಡುತ್ತಿದ್ದರು. ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನೋಡಲು ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಚುರುಕಾದ ಮಕ್ಕಳೇ ಅಲ್ಲಿಗೆ ಹೋದರು ಎಂಬ ಆಕ್ಷೇಪಕ್ಕೆ ಎಡೆಯೇ ಉಳಿಯುವುದಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದ್ವಿಭಾಷಾ ತರಗತಿಯ ಮಕ್ಕಳು ಇಂಗ್ಲಿಷ್ ಓದಿನಲ್ಲಿ ಐದನೆಯ ತರಗತಿಗೆ ಸುಮಾರು ಏಳು ತಿಂಗಳು, ಎಂಟನೆಯ ತರಗತಿಗೆ ಒಂಬತ್ತು ತಿಂಗಳು ಮುಂದಿದ್ದರು. ಇಂಗ್ಲಿಷಿಗೆ ಕೊಟ್ಟ ಸಮಯ ಕಡಿಮೆ, ಇಂಗ್ಲಿಷಿನಲ್ಲಿ ಬಂದ ಫಲ ಹೆಚ್ಚು.

ತಾಳ್ಮೆ ಇಲ್ಲದವರಿಗೆ ಈ ದಾರಿ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಇಲಾನಾ ಉಮಾನ್ಸ್ಕಿ ಮತ್ತು ಶಾನ್ ರಿಯರ್ಡನ್ 2014ರಲ್ಲಿ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ನಗರದ ಲ್ಯಾಟಿನೊ ಮಕ್ಕಳ ಹಲವು ವರ್ಷಗಳ ದಾಖಲೆ ಪರಿಶೀಲಿಸಿದರು. ಪ್ರಾಥಮಿಕ ಹಂತದಲ್ಲಿ ಬರೀ ಇಂಗ್ಲಿಷಿನಲ್ಲಿ ಓದಿದವರು ಪಟ್ಟಿಯಿಂದ ಬೇಗ ಹೊರಬಂದಿದ್ದರು. ಪ್ರೌಢಶಾಲೆಯ ಕೊನೆಗೆ ಬರುವಷ್ಟರಲ್ಲಿ ಲೆಕ್ಕ ತಿರುಗಿತ್ತು; ಎರಡು ಭಾಷೆಯಲ್ಲಿ ಓದಿದವರ ಪೈಕಿ ಹೊರಬಂದವರೇ ಹೆಚ್ಚು. ಮೂರನೆಯ ತರಗತಿಯ ಅಂಕ ನೋಡಿ ತೀರ್ಪು ಕೊಡುವ ಅಧಿಕಾರಿಗೆ ಮೊದಲ ಅರ್ಧ ಮಾತ್ರ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಮತದಾರರು ತಮ್ಮ 1998ರ ನಿರ್ಧಾರವನ್ನು 2016ರಲ್ಲಿ ಶೇ. 73ಕ್ಕೂ ಹೆಚ್ಚು ಬಹುಮತದಿಂದ ತಿರುಗಿಸಿದರು. ಮರು ವರ್ಷ ಮ್ಯಾಸಚೂಸೆಟ್ಸ್ ಕೂಡ ಕಾನೂನು ಬದಲಿಸಿತು.

ಮನೆಮಾತಿನ ಓದು ಇಂಗ್ಲಿಷಿಗೆ ಹೇಗೆ ನೆರವಾಗುತ್ತದೆ ಎಂಬುದರಲ್ಲಿ ನಿಗೂಢವೇನಿಲ್ಲ. ಅಕ್ಷರಕ್ಕೂ ಧ್ವನಿಗೂ ನಂಟಿದೆ, ಕತೆಗೆ ಮುಖ್ಯ ಎಳೆ ಇರುತ್ತದೆ, ಓದಿದ್ದರಿಂದ ಹೇಳದೆ ಬಿಟ್ಟದ್ದನ್ನು ಊಹಿಸಬಹುದು ಎಂಬುದನ್ನೆಲ್ಲ ಒಂದು ಭಾಷೆಯಲ್ಲಿ ಕಲಿತವರು ಇನ್ನೊಂದರಲ್ಲಿ ಮೊದಲಿನಿಂದ ಕಲಿಯಬೇಕಿಲ್ಲ. ಸ್ಪ್ಯಾನಿಷ್ ಮಗುವಿಗೆ ಇನ್ನೊಂದು ಅನುಕೂಲವೂ ಇದೆ. ಲ್ಯಾಟಿನ್, ಗ್ರೀಕ್ ಮೂಲದ ಪಾರಿಭಾಷಿಕ ಪದಗಳು ಎರಡೂ ಭಾಷೆಯಲ್ಲಿ ಹೆಚ್ಚು ಕಡಿಮೆ ಒಂದೇ. ಇಂಗ್ಲಿಷಿನ 'ಫೋಟೊಸಿಂಥೆಸಿಸ್' ಅಲ್ಲಿ 'ಫೊತೊಸಿಂತೆಸಿಸ್'. ಅರಬ್ಬಿ, ಚೀನಿ ಅಥವಾ ಕನ್ನಡದ ಮಗುವಿಗೆ ಈ ಪದದ ನೆರವು ಸಿಗದು. ಆದರೆ ಎಲೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದನ್ನು ತನ್ನ ಭಾಷೆಯಲ್ಲಿ ಅರಿತ ಮಗು ಕಲಿಯಬೇಕಾದ್ದು ಒಂದು ಹೊಸ ಹೆಸರನ್ನಷ್ಟೇ.

ಎಲ್ಲ ಊರಿನಲ್ಲೂ ದ್ವಿಭಾಷಾ ತರಗತಿ ನಡೆಸಲಾಗದು. ಒಂದೇ ಕೊಠಡಿಯಲ್ಲಿ ಏಳೆಂಟು ಮನೆಮಾತುಗಳಿರುವಾಗ ಶಿಕ್ಷಕಿಗೆ ಉಳಿಯುವುದು ಇಂಗ್ಲಿಷಿನಲ್ಲೇ, ಆದರೆ ಈ ಮಕ್ಕಳಿಗೆ ತಲುಪುವಂತೆ ಪಾಠ ಹೇಳುವ ದಾರಿ. 2014ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯ ಸಂಶೋಧನಾ ಸಂಸ್ಥೆ ಶಿಕ್ಷಕರಿಗಾಗಿ ತಂದ ಮಾರ್ಗದರ್ಶಿಯ ಸಾರ ಹೀಗಿದೆ. ಪಾಠದ ಭಾಷೆಗೆ ಬೇಕಾದ ಕೆಲವೇ ಪದಗಳನ್ನು ಆರಿಸಿ ಹಲವು ದಿನ ಆಡಿಸಿ, ಓದಿಸಿ, ಬರೆಸಬೇಕು. ಇಂಗ್ಲಿಷನ್ನು ವಿಜ್ಞಾನ, ಇತಿಹಾಸದ ಪಾಠದೊಳಗೇ ಕಲಿಸಬೇಕು. ಬರವಣಿಗೆ ನಿತ್ಯದ ಕೆಲಸವಾಗಬೇಕು. ಹಿಂದೆ ಬಿದ್ದವರನ್ನು ಸಣ್ಣ ಗುಂಪಾಗಿ ಕೂರಿಸಿ ಹೆಚ್ಚುವರಿ ನೆರವು ಕೊಡಬೇಕು.

ತರಗತಿಯಲ್ಲಿ ಇದು ಹೇಗೆ ಕಾಣುತ್ತದೆ? ನೀರಿನ ಚಕ್ರದ ಪಾಠ ಎಂದುಕೊಳ್ಳಬಹುದು. ಶಿಕ್ಷಕಿ ಪುಸ್ತಕದ ಪುಟಕ್ಕೆ ಮೊದಲೇ ಹೋಗುವುದಿಲ್ಲ. ಬಿಸಿನೀರಿನ ಪಾತ್ರೆಗೆ ತಟ್ಟೆ ಮುಚ್ಚಿ, ತಟ್ಟೆಯ ಕೆಳಗೆ ಕಟ್ಟಿದ ಹನಿಗಳನ್ನು ತೋರಿಸುತ್ತಾಳೆ. ಕಂಡದ್ದನ್ನು ಪಕ್ಕದವರಿಗೆ ಹೇಳಿ ಎನ್ನುತ್ತಾಳೆ. ಆ ಮಾತು ಯಾವ ಭಾಷೆಯಲ್ಲಾದರೂ ಇರಲಿ. ಹಲಗೆಯ ಮೇಲೆ ಅರ್ಧ ವಾಕ್ಯವೊಂದಿರುತ್ತದೆ: 'ನೀರು ಆವಿಯಾಗುವುದಕ್ಕೆ ಕಾರಣ…' ಎಂಬಂಥದ್ದು. ಮಕ್ಕಳು ಅದನ್ನು ಇಂಗ್ಲಿಷಿನಲ್ಲಿ ಪೂರ್ತಿ ಮಾಡಿ ಹೇಳಬೇಕು, ಆಮೇಲೆ ಬರೆಯಬೇಕು. ಪುಸ್ತಕದ ಪುಟ ಕೊನೆಗೆ ಬರುತ್ತದೆ, ಆ ಹೊತ್ತಿಗೆ ಅಲ್ಲಿನ ಪದಗಳು ಪರಿಚಿತ. ಪಾಠವನ್ನು ತೆಳುವಾಗಿಸಿಲ್ಲ, ಏರಲು ಮೆಟ್ಟಿಲು ಮಾತ್ರ ಹೆಚ್ಚಿಸಿದೆ. ಈ ವ್ಯತ್ಯಾಸ ಸಣ್ಣದಲ್ಲ, ಏಕೆಂದರೆ ಒಳ್ಳೆಯ ಮನಸ್ಸಿನ ಶಿಕ್ಷಕರೇ ಎಷ್ಟೋ ಸಲ ಪಟ್ಟಿಯ ಮಕ್ಕಳಿಗೆ ಸುಲಭವಾಗಲೆಂದು ಕೆಳ ತರಗತಿಯ ಪುಸ್ತಕ, ಬಣ್ಣ ತುಂಬುವ ಹಾಳೆ ಕೊಟ್ಟುಬಿಡುತ್ತಾರೆ. ದೀರ್ಘಕಾಲದ ಪಟ್ಟಿಯವರು ತಯಾರಾಗುವುದು ಬಹುಮಟ್ಟಿಗೆ ಇಂಥ ಕರುಣೆಯಿಂದ.

ಹದಿನೈದು ಹದಿನಾರರ ವಯಸ್ಸಿನಲ್ಲಿ ದೇಶಕ್ಕೆ ಬಂದವರ ಕಷ್ಟ ಬೇರೆ. ಪ್ರೌಢಶಾಲೆ ಮುಗಿಸಲು ಮೂರೋ ನಾಲ್ಕೋ ವರ್ಷವಷ್ಟೇ ಇದೆ, ಕೆಲವರಿಗೆ ತಮ್ಮ ದೇಶದಲ್ಲೂ ಶಾಲೆ ಅರ್ಧಕ್ಕೆ ನಿಂತಿರುತ್ತದೆ. ಗ್ವಾಟೆಮಾಲಾದಿಂದ ಬಂದ ಹುಡುಗನನ್ನು ಸ್ಪ್ಯಾನಿಷ್ ಮನೆಮಾತಿನವನೆಂದು ಬರೆದುಕೊಂಡರೆ, ಅವನ ಮನೆಯಲ್ಲಿ ಮಾಮ್ ಎಂಬ ಮಾಯನ್ ಭಾಷೆ ಆಡುತ್ತಿರಬಹುದು. ಸ್ಪ್ಯಾನಿಷೇ ಅವನಿಗೆ ಎರಡನೆಯದು. ಇಂಥವರಿಗಾಗಿ 1985ರಲ್ಲಿ ನ್ಯೂಯಾರ್ಕಿನ ಲಗ್ವಾರ್ಡಿಯಾ ಕಾಲೇಜಿನ ಆವರಣದಲ್ಲಿ 'ಇಂಟರ್‌ನ್ಯಾಷನಲ್ ಹೈಸ್ಕೂಲ್' ಶುರುವಾಯಿತು. ಅದೇ ಮಾದರಿಯ ಶಾಲೆಗಳ ಒಂದು ಜಾಲವೇ ಈಗ ಇದೆ. ಬೇರೆ ಬೇರೆ ಮನೆಮಾತಿನ ಮಕ್ಕಳು ಸಣ್ಣ ಗುಂಪಾಗಿ ಯೋಜನೆಗಳ ಮೇಲೆ ಕೆಲಸ ಮಾಡುತ್ತಾರೆ. ಗುಂಪಿನಲ್ಲಿ ಎಲ್ಲರಿಗೂ ಹೊಂದುವ ಭಾಷೆ ಇಂಗ್ಲಿಷೊಂದೇ ಆದ್ದರಿಂದ ಅದನ್ನು ಬಳಸದೆ ಗತಿಯಿಲ್ಲ, ಆದರೆ ಮನೆಮಾತಿನಲ್ಲಿ ಯೋಚಿಸಲು, ಬರೆದುಕೊಳ್ಳಲು ಅಡ್ಡಿಯಿಲ್ಲ. ಭಾಷೆ ಕಲಿಸುವುದು ಇಂಗ್ಲಿಷ್ ಮೇಷ್ಟರೊಬ್ಬರ ಕೆಲಸವಲ್ಲ; ರಸಾಯನಶಾಸ್ತ್ರದ ಮೇಷ್ಟರೂ ಭಾಷೆ ಕಲಿಸುತ್ತಾರೆ.

ಒಂದೆರಡು ಶಾಲೆಗಳ ಯಶಸ್ಸು ಇಡೀ ಜಿಲ್ಲೆಗೆ ಹರಡುವುದು ಅಪರೂಪ. ನ್ಯೂಜೆರ್ಸಿಯ ಯೂನಿಯನ್ ಸಿಟಿ ಆ ಅಪರೂಪಗಳಲ್ಲಿ ಒಂದು. ಮ್ಯಾನ್‌ಹಟನ್ನಿನ ಎದುರು ದಡದಲ್ಲಿ ಕಿಕ್ಕಿರಿದ, ಬಡ, ಹೆಚ್ಚಾಗಿ ಸ್ಪ್ಯಾನಿಷ್ ಆಡುವ ಪಟ್ಟಣವಿದು. 1980ರ ದಶಕದ ಕೊನೆಗೆ ಅಲ್ಲಿನ ಶಾಲೆಗಳು ಎಷ್ಟು ಕೆಟ್ಟಿದ್ದವೆಂದರೆ ರಾಜ್ಯ ಸರ್ಕಾರವೇ ಅವುಗಳನ್ನು ವಶಕ್ಕೆ ತೆಗೆದುಕೊಳ್ಳುವುದಾಗಿ ಎಚ್ಚರಿಸಿತ್ತು. ಆ ಬೆದರಿಕೆಯ ನಂತರ ಜಿಲ್ಲೆ ಓದು ಬರಹದ ಪಠ್ಯಕ್ರಮವನ್ನು ಹೊಸದಾಗಿ ಕಟ್ಟಿತು. ಚಿಕ್ಕ ಮಕ್ಕಳಿಗೆ ಮೊದಲು ಸ್ಪ್ಯಾನಿಷಿನಲ್ಲಿ ಓದು ಗಟ್ಟಿಮಾಡಿ ಆಮೇಲೆ ಇಂಗ್ಲಿಷಿಗೆ ಸಾಗಿಸಿತು. ಹೊಸ ಶಿಕ್ಷಕರ ಪಕ್ಕದಲ್ಲಿ ಅನುಭವಿಗಳನ್ನು ನಿಲ್ಲಿಸಿತು. ಬಡ ಜಿಲ್ಲೆಗಳಿಗೆ ಸಾಕಷ್ಟು ಹಣ ಕೊಡಬೇಕೆಂಬ ಅಬಟ್ ಮೊಕದ್ದಮೆಯ ತೀರ್ಪುಗಳಿಂದಾಗಿ ಮೂರು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಒಳ್ಳೆಯ ಶಿಶುವಿಹಾರ ಸಿಕ್ಕಿತು. 2011ರಲ್ಲಿ ಪಟ್ಟಣದ ಪ್ರೌಢಶಾಲೆ ಮುಗಿಸಿದವರ ಪ್ರಮಾಣ ಶೇ. 89.5, ದೇಶದ ಸರಾಸರಿಗಿಂತ ಸುಮಾರು ಹತ್ತು ಅಂಶ ಮೇಲೆ. ಈ ಊರಿನ ಬಗ್ಗೆ ಪುಸ್ತಕ ಬರೆದ ಡೇವಿಡ್ ಕರ್ಪ್ ಅಲ್ಲಿ ಪವಾಡವನ್ನೇನೂ ಕಾಣಲಿಲ್ಲ. ಅದೇ ಜನ ಅದೇ ಕೆಲಸವನ್ನು ಇಪ್ಪತ್ತು ವರ್ಷ ಬಿಡದೆ ಮಾಡಿದ್ದರು. ಅಧಿಕಾರಿ ಬದಲಾದಾಗಲೆಲ್ಲ ಯೋಜನೆ ಬದಲಾಗುವ ಕಡೆ ಅದೇ ಕಷ್ಟದ ಸಂಗತಿ.

ಹಣದ ವಿಷಯದಲ್ಲಿ ಕೇಂದ್ರ ಸರ್ಕಾರದ ಕೈ ಬಿಗಿ. ಈ ಮಕ್ಕಳಿಗೆಂದೇ ಇರುವ ಕೇಂದ್ರದ ಅನುದಾನ ಇತ್ತೀಚಿನ ವರ್ಷಗಳಲ್ಲಿ 89 ಕೋಟಿ ಡಾಲರ್ ಆಸುಪಾಸು. ಕೇಳಲು ದೊಡ್ಡ ಮೊತ್ತ, ತಲೆಗೆ ಹಂಚಿದರೆ ವರ್ಷಕ್ಕೆ 200 ಡಾಲರ್‌ಗೂ ಕಡಿಮೆ. ಅಲ್ಲಿ ಒಂದು ಮಗುವಿನ ಶಾಲೆಗೆ ವರ್ಷಕ್ಕೆ ಆಗುವ ಸರಾಸರಿ ಖರ್ಚು 15,000 ಡಾಲರ್ ದಾಟುತ್ತದೆ. ಉಳಿದ ಭಾರವೆಲ್ಲ ರಾಜ್ಯ ಮತ್ತು ಜಿಲ್ಲೆಗಳ ಮೇಲೆ, ಅವುಗಳಲ್ಲಿ ಸ್ಥಿತಿವಂತ ಜಿಲ್ಲೆಗಳೂ ಇವೆ, ಬಡವೂ ಇವೆ. ಪಟ್ಟಿಯ ಮಕ್ಕಳು ಹೆಚ್ಚಾಗಿ ಸಿಗುವುದು ಬಡ ಜಿಲ್ಲೆಗಳಲ್ಲಿ. ಭಾಷೆಯ ಅಂತರ ಎಂದು ಕಾಣುವುದರಲ್ಲಿ ಬಡತನದ ಪಾಲನ್ನು ಕಳೆದು ನೋಡುವುದು ಆದ್ದರಿಂದ ಅಗತ್ಯ.

ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳಿಗೂ ಈ ಪಟ್ಟಿ ಅಪರಿಚಿತವಲ್ಲ. ದಾಖಲಾತಿಯ ನಮೂನೆಯಲ್ಲಿ ಮನೆಯ ಭಾಷೆ ಕನ್ನಡ ಎಂದು ಬರೆದರೆ ಮಗುವೂ ಪರೀಕ್ಷೆಗೆ ಕೂರಬೇಕು. ಮಗುವಿಗೆ ಹಣೆಪಟ್ಟಿ ಬೀಳುತ್ತದೆಂಬ ಅಂಜಿಕೆಯಿಂದ ಇಂಗ್ಲಿಷ್ ಎಂದೇ ಬರೆಯುವವರುಂಟು. ಓದಿದ, ಅನುಕೂಲಸ್ಥ ಮನೆಗಳ ಮಕ್ಕಳು ಸಾಮಾನ್ಯವಾಗಿ ಪಟ್ಟಿಯಿಂದ ಬೇಗ ಹೊರಬರುತ್ತಾರೆ, ಹಾಗಾಗಿ ಅಂಜಿಕೆಗೆ ಕಾರಣ ಕಡಿಮೆ. ವಿಶೇಷ ತರಗತಿ ಬೇಡ ಎನ್ನುವ ಹಕ್ಕು ಹೆತ್ತವರಿಗಿದೆ. ಆದರೂ ಪಟ್ಟಿಯಲ್ಲಿರುವವರೆಗೆ ವರ್ಷದ ಪರೀಕ್ಷೆ ತಪ್ಪದು. ಇದಕ್ಕಿಂತ ಹೆಚ್ಚು ನಷ್ಟ ತರುವುದು ಮಗುವಿನ ಇಂಗ್ಲಿಷಿಗಾಗಿ ಮನೆಯಲ್ಲಿ ಕನ್ನಡ ನಿಲ್ಲಿಸುವ ತೀರ್ಮಾನ. ತಾಯಿ ಕತೆಯನ್ನು ತನಗೆ ಸಲೀಸಾದ ಭಾಷೆಯಲ್ಲಿ ಹೇಳಿದಾಗ ಮಗುವಿಗೆ ಸಿಗುವ ಪದ, ತರ್ಕ, ಕಾರಣಗಳ ಸರಣಿ ಅವಳ ಅರೆಬರೆ ಇಂಗ್ಲಿಷಿನಲ್ಲಿ ಸಿಗುವುದಿಲ್ಲ. ಸಂಶೋಧನೆ ಹೆತ್ತವರಿಗೆ ಕೊಡುವ ಸಲಹೆ ಈ ವಿಷಯದಲ್ಲಿ ಸ್ಪಷ್ಟ: ಮನೆಯಲ್ಲಿ ಮನೆಮಾತನ್ನೇ ಸಮೃದ್ಧವಾಗಿ ಆಡಿ.

ಕೇಂದ್ರದ ನೀತಿ ಇತ್ತೀಚೆಗೆ ಎರಡು ದಿಕ್ಕಿಗೆ ಎಳೆದಿದೆ. 2015ರ ಕೇಂದ್ರ ಶಿಕ್ಷಣ ಕಾಯಿದೆ ಈ ಮಕ್ಕಳ ಇಂಗ್ಲಿಷ್ ಪ್ರಗತಿಯನ್ನು ಶಾಲೆಯ ಒಟ್ಟು ಮೌಲ್ಯಮಾಪನದ ಭಾಗವಾಗಿಸಿತು. ಪಟ್ಟಿಯಿಂದ ಹೊರಬಂದ ಮಕ್ಕಳ ಸಾಧನೆಯನ್ನು ನಾಲ್ಕು ವರ್ಷ ಗಮನಿಸಿ ವರದಿ ಮಾಡಬೇಕೆಂದೂ ಹೇಳಿತು. ಅಳತೆಯ ಹಳೆಯ ದೋಷಕ್ಕೆ ಇದು ಅರ್ಧ ಮದ್ದು. 2025ರ ಮಾರ್ಚಿನಲ್ಲಿ ಅಧ್ಯಕ್ಷರ ಆದೇಶವೊಂದು ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆ ಎಂದು ಸಾರಿತು. 1974ರ ತೀರ್ಪು ನಿಂತಿರುವವರೆಗೆ ಶಾಲೆಗಳ ಹೊಣೆ ಈ ಆದೇಶದಿಂದ ತಪ್ಪುವುದಿಲ್ಲ.

ಕೊರತೆ ಹೆಚ್ಚು ಕಾಡುತ್ತಿರುವುದು ಶಿಕ್ಷಕರದು. ಕ್ಯಾಲಿಫೋರ್ನಿಯಾ 2018ರಲ್ಲಿ ಹಾಕಿಕೊಂಡ ಯೋಜನೆಯ ಪ್ರಕಾರ 2017ರಲ್ಲಿ ಸುಮಾರು 400 ಇದ್ದ ದ್ವಿಭಾಷಾ ಕಾರ್ಯಕ್ರಮಗಳು 2030ಕ್ಕೆ 1,600 ಆಗಬೇಕು. ಆದರೆ ದ್ವಿಭಾಷಾ ಪಾಠ ಕಟ್ಟಿಹಾಕಿದ್ದ ಹದಿನೆಂಟು ವರ್ಷಗಳಲ್ಲಿ ಅಂಥ ಶಿಕ್ಷಕರನ್ನು ತಯಾರು ಮಾಡುವ ಕಾಲೇಜು ವಿಭಾಗಗಳೂ ಸೊರಗಿದ್ದವು. ಆಗ ಶಾಲೆಯಲ್ಲಿದ್ದ, ಮನೆಯ ಸ್ಪ್ಯಾನಿಷನ್ನೋ ಚೀನಿಯನ್ನೋ ಓದಲು ಬರೆಯಲು ಕಲಿಯದೆ ಬೆಳೆದ ಪೀಳಿಗೆಯೇ ಈಗ ಶಿಕ್ಷಕರ ವಯಸ್ಸಿಗೆ ಬಂದಿದೆ. ಅದಕ್ಕಾಗಿ ಕೆಲವು ಜಿಲ್ಲೆಗಳು ಬೇರೆ ಕಡೆಯಿಂದ ಹುಡುಕುತ್ತಿವೆ: ತರಗತಿಗಳಲ್ಲಿ ಸಹಾಯಕರಾಗಿ ಕಡಿಮೆ ಸಂಬಳಕ್ಕೆ ದುಡಿಯುತ್ತಿರುವ, ಎರಡೂ ಭಾಷೆ ಬಲ್ಲ, ಅದೇ ಬೀದಿಗಳ ಹೆಂಗಸರು ಗಂಡಸರಿಗೆ ಸಂಜೆ ಕಾಲೇಜಿನ ಶುಲ್ಕ ಕಟ್ಟಿ, ಶಿಕ್ಷಕರ ಪ್ರಮಾಣಪತ್ರ ಕೊಡಿಸುತ್ತಿವೆ.